ಓಡುವ ಬಸ್ಸಿನ ಮೇಲೆ ಒಟ್ಟು ಬಲ ಸೊನ್ನೆ ಅಂದ್ರೆ ನಂಬ್ತೀರಾ?

ಹಾಸನದಿಂದ ಬೆಂಗಳೂರಿಗೆ ಬರುತ್ತಿದ್ದೆವು. ಕುಣಿಗಲ್ ದಾಟಿದ ಮೇಲೆ ರಸ್ತೆ ನೇರ, ಖಾಲಿ. ಬಸ್ಸು 70ರ ಆಸುಪಾಸಿನಲ್ಲಿ ಒಂದೇ ಹದದಲ್ಲಿ ಓಡುತ್ತಿತ್ತು. ಪಕ್ಕದಲ್ಲಿ ಅಕ್ಕನ ಮಗಳು, 9ನೇ ಕ್ಲಾಸು, ಕೈಯಲ್ಲಿ ಸೈನ್ಸ್ ಟೆಸ್ಟ್ ಪೇಪರು. ಅದರಲ್ಲಿ ಒಂದು ಪ್ರಶ್ನೆ: ಸಮತಟ್ಟಾದ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವ ಬಸ್ಸಿನ ಮೇಲಿನ ಒಟ್ಟು ಬಲ ಎಷ್ಟು? ಇವಳು "ಇಂಜಿನ್ನಿನ ಬಲದಷ್ಟು" ಅಂತ ಬರೆದಿದ್ದಳು. ಅದರ ಮೇಲೆ ಕೆಂಪು ಇಂಕಿನ ಗೀಟು, ಪಕ್ಕದಲ್ಲಿ ಒಂದು ದೊಡ್ಡ ಸೊನ್ನೆ.

"ಮಾಮ, ಈ ಸೊನ್ನೆ ನನ್ನ ಮಾರ್ಕ್ಸಾ, ಉತ್ತರಾನಾ?"

"ಎರಡೂ" ಅಂದೆ.

ಸಿಟ್ಟು ಬಂತು. ಬರದೆ ಇರುತ್ತಾ? "ಬಲ ಸೊನ್ನೆ ಆದ್ರೆ ಬಸ್ಸು ನಿಂತುಬಿಡಬೇಕಲ್ವಾ? ಇದು ಓಡ್ತಾನೇ ಇದೆಯಲ್ಲ?"

ಪ್ರಶ್ನೆ ಸರಿಯಾಗೇ ಇದೆ. ದೊಡ್ಡವರಲ್ಲೂ ಬಹಳ ಜನ ಇದನ್ನೇ ನಂಬಿಕೊಂಡು ಜೀವನ ಕಳೆಯುತ್ತಾರೆ, ಅದರಿಂದ ಯಾರಿಗೂ ನಷ್ಟ ಏನೂ ಆಗಿಲ್ಲ. ಪುಸ್ತಕದಲ್ಲಿ ಇರೋದು ಇಷ್ಟು: ಒಂದು ವಸ್ತುವಿನ ಮೇಲೆ ಬೇರೆ ಬೇರೆ ಕಡೆಯಿಂದ ಬೀಳುವ ಬಲಗಳು ಒಂದನ್ನೊಂದು ಪೂರ್ತಿ ಹೊಡೆದುಹಾಕಿದರೆ ಅವು ಸಂತುಲಿತ ಬಲಗಳು. ಹೊಡೆದುಹಾಕಿದ ಮೇಲೂ ಒಂದು ಕಡೆಗೆ ಏನಾದರೂ ಉಳಿದರೆ ಅಸಂತುಲಿತ. ಹೆಸರು ದೊಡ್ಡದು, ವಿಷಯ ತಕ್ಕಡಿಯಷ್ಟೇ ಸುಲಭ. ಎಡವುವುದು ಅದರ ಮುಂದಿನ ಹೆಜ್ಜೆಯಲ್ಲಿ. ಸಂತುಲಿತ ಅಂದ್ರೆ ನಿಂತಿದೆ, ಅಸಂತುಲಿತ ಅಂದ್ರೆ ಓಡ್ತಿದೆ ಅಂತ ಬಾಯಿಪಾಠ ಮಾಡಿಕೊಂಡುಬಿಡುತ್ತೇವೆ. ಅದು ತಪ್ಪು.

ನಾನು ಅವಳಿಗೆ ಬ್ಯಾಂಕ್ ಪಾಸ್‌ಬುಕ್ ಲೆಕ್ಕ ಹೇಳಿದೆ. ನಿನ್ನ ಅಪ್ಪನ ಅಕೌಂಟಿನಲ್ಲಿ 70 ಸಾವಿರ ಇದೆ ಅಂತಿಟ್ಟುಕೋ. ಈ ತಿಂಗಳು 30 ಸಾವಿರ ಬಂತು, 30 ಸಾವಿರ ಖರ್ಚಾಯ್ತು. ಬಂದದ್ದು ಹೋದದ್ದು ಸಮ. ಹಾಗಂತ ಅಕೌಂಟಿನಲ್ಲಿ ದುಡ್ಡು ಸೊನ್ನೆ ಆಯ್ತಾ? ಇಲ್ಲ, 70 ಸಾವಿರ ಹಾಗೇ ಇದೆ. ಬಸ್ಸಿನ ವೇಗ ಆ 70 ಸಾವಿರದ ಹಾಗೆ. ಬಲ ಅನ್ನೋದು ಬರುವ, ಹೋಗುವ ದುಡ್ಡಿನ ಹಾಗೆ. ಬಲ ವೇಗವನ್ನು ಬದಲಾಯಿಸುತ್ತದೆ. ಇರುವ ವೇಗ ಹಾಗೇ ಉಳಿಯಬೇಕು ಅಂದರೆ ಒಟ್ಟು ಬಲ ಏನೂ ಬೇಡ.

"ಹಾಗಾದ್ರೆ ಇಂಜಿನ್ ಯಾಕೆ ಆಫ್ ಮಾಡಲ್ಲ? ಡೀಸೆಲ್ ದಂಡ ಅಲ್ವಾ?"

ಡೀಸೆಲ್ ಹೋಗುತ್ತಿರುವುದು ಆ 30 ಸಾವಿರದ ಖರ್ಚಿಗೆ. ಬಸ್ಸಿನ ಮುಂದಿನ ಅಗಲ ಗಾಜು ಗಾಳಿಯನ್ನು ಸೀಳಿಕೊಂಡು ಹೋಗಬೇಕು, ಗಾಳಿ ಹಿಂದಕ್ಕೆ ನೂಕುತ್ತದೆ. ಟೈರು ಪ್ರತಿ ಸುತ್ತಿನಲ್ಲೂ ಅಡಿಯಲ್ಲಿ ಸ್ವಲ್ಪ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ, ಅದರಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಇಂಜಿನ್ ತಿರುಗಿಸುವ ಹಿಂದಿನ ಚಕ್ರ ರಸ್ತೆಯನ್ನು ಹಿಂದಕ್ಕೆ ಒದೆಯುತ್ತದೆ, ರಸ್ತೆ ಬಸ್ಸನ್ನು ಮುಂದಕ್ಕೆ ನೂಕುತ್ತದೆ. ಮುಂದಿನ ನೂಕು, ಹಿಂದಿನ ನೂಕು ಎರಡೂ ಸಮ ಇರುವ ತನಕ ಮುಳ್ಳು 70ರಲ್ಲೇ. ಆಕ್ಸಿಲರೇಟರ್ ಒತ್ತಿದರೆ ಮುಂದಿನದು ಜಾಸ್ತಿ, ವೇಗ ಏರುತ್ತದೆ. ಆದರೆ ವೇಗ ಏರಿದಷ್ಟೂ ಗಾಳಿಯ ತಡೆಯೂ ಏರುತ್ತದೆ, ಹಾಗಾಗಿ 80ರಲ್ಲೋ 85ರಲ್ಲೋ ಮತ್ತೆ ಲೆಕ್ಕ ಸಮ ಆಗಿ ಬಸ್ಸು ಅಲ್ಲೇ ನೆಲೆ ನಿಲ್ಲುತ್ತದೆ. ಕಾಲು ಎತ್ತಿದರೆ ಹಿಂದಿನದ್ದೇ ಮೇಲುಗೈ, ವೇಗ ಇಳಿಯುತ್ತದೆ.

ಇಷ್ಟು ಕೇಳಿದ ಮೇಲೂ ಅವಳ ಮುಖದಲ್ಲಿ ಅನುಮಾನ ಹಾಗೇ ಇತ್ತು. ಅದಕ್ಕೂ ಕಾರಣ ಇದೆ. ನಮ್ಮ ಅನುಭವವೇ ನಮಗೆ ಸುಳ್ಳು ಹೇಳುತ್ತದೆ. ಗಾಡಿ ತಳ್ಳುವುದನ್ನು ಬಿಟ್ಟರೆ ಗಾಡಿ ನಿಲ್ಲುತ್ತದೆ. ಸೈಕಲ್ ತುಳಿಯುವುದನ್ನು ಬಿಟ್ಟರೆ ಸೈಕಲ್ ನಿಲ್ಲುತ್ತದೆ. ಇದನ್ನು ನೋಡಿಯೇ ಅರಿಸ್ಟಾಟಲ್, ಚಲನೆ ಬೇಕಾದರೆ ತಳ್ಳುವವರು ಸದಾ ಬೇಕು ಅಂದದ್ದು. ಸುಮಾರು ಎರಡು ಸಾವಿರ ವರ್ಷ ಆ ಮಾತೇ ನಡೆಯಿತು. ತಳ್ಳುವುದನ್ನು ಬಿಟ್ಟಾಗ ಗಾಡಿ "ತಾನಾಗಿ" ನಿಲ್ಲಲಿಲ್ಲ, ಘರ್ಷಣೆ ಅದನ್ನು ಹಿಡಿದು ನಿಲ್ಲಿಸಿತು. ಕಣ್ಣಿಗೆ ಕಾಣುವುದು ನಮ್ಮ ಕೈ, ಘರ್ಷಣೆ ಕಾಣುವುದಿಲ್ಲ. ಮೋಸ ಆಗುವುದು ಅಲ್ಲೇ.

ಕೇರಂ ಆಡಿದವರಿಗೆ ಇದು ಬೆರಳ ತುದಿಯಲ್ಲೇ ಗೊತ್ತು. ಮಳೆಗಾಲದಲ್ಲಿ ಬೋರ್ಡು ತೇವ ಕುಡಿದು ಕೂತಿರುತ್ತದೆ, ಸ್ಟ್ರೈಕರ್ ಹೊಡೆದರೆ ಅರ್ಧ ದಾರಿಯಲ್ಲೇ ಸುಸ್ತು. ಪೌಡರ್ ಹಾಕಿ ಅಂಗೈಯಲ್ಲಿ ಸವರಿ, ಅಷ್ಟೇ ಜೋರಾಗಿ ಹೊಡೆಯಿರಿ. ಎದುರಿನ ಪಟ್ಟಿಗೆ ಬಡಿದು ವಾಪಸ್ ನಿಮ್ಮ ಹತ್ತಿರವೇ ಬರುತ್ತದೆ. ಬೆರಳು ಕೊಟ್ಟದ್ದು ಅಷ್ಟೇ, ಬೋರ್ಡು ಕಿತ್ತುಕೊಂಡದ್ದು ಕಡಿಮೆ. ಈಗ ಬೋರ್ಡು ಏನೂ ಕಿತ್ತುಕೊಳ್ಳದಿದ್ದರೆ? ಗೆಲಿಲಿಯೋ ಕೇಳಿಕೊಂಡ ಪ್ರಶ್ನೆ ಹೆಚ್ಚುಕಡಿಮೆ ಇದೇ, ಅವನ ಹತ್ತಿರ ಕೇರಂ ಇರಲಿಲ್ಲ, ಇಳಿಜಾರು ಹಲಗೆ ಇತ್ತು, ಅಷ್ಟೇ. ಒಂದು ಇಳಿಜಾರಿನಲ್ಲಿ ಉರುಳಿ ಬಂದ ಗುಂಡು ಎದುರಿನ ಏರಿನಲ್ಲಿ ಹೆಚ್ಚುಕಡಿಮೆ ಮೊದಲಿನ ಎತ್ತರಕ್ಕೇ ಹತ್ತುತ್ತದೆ. ಏರನ್ನು ತಗ್ಗಿಸಿದರೆ ಅದೇ ಎತ್ತರ ಮುಟ್ಟಲು ಇನ್ನೂ ದೂರ ಹೋಗುತ್ತದೆ. ಏರನ್ನು ಪೂರ್ತಿ ಮಲಗಿಸಿಬಿಟ್ಟರೆ? ಆ ಎತ್ತರ ಸಿಗುವುದೇ ಇಲ್ಲ, ಗುಂಡು ಹೋಗುತ್ತಲೇ ಇರಬೇಕು. 1687ರಲ್ಲಿ ನ್ಯೂಟನ್ ಇದನ್ನೇ ಮೊದಲನೇ ನಿಯಮ ಮಾಡಿ ಇಟ್ಟ.

ಹೋಗುತ್ತಲೇ ಇರುವ ಗುಂಡು ನಿಜವಾಗಿಯೂ ಒಂದಿದೆ. 1977ರಲ್ಲಿ ಹಾರಿದ ವಾಯೇಜರ್ 1 ಈಗಲೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಹಿಂದಿನಿಂದ ನೂಕುವ ಇಂಜಿನ್ ಯಾವುದೂ ಉರಿಯುತ್ತಿಲ್ಲ. ಸೂರ್ಯ ಹಿಂದಕ್ಕೆ ಎಳೆಯುತ್ತಲೇ ಇದ್ದಾನೆ, ಆದರೆ ಅಷ್ಟು ದೂರದಲ್ಲಿ ಆ ಸೆಳೆತ ತೀರಾ ಸಣ್ಣದು.

ಅಷ್ಟು ದೂರ ಯಾಕೆ, ಒಂದು ತೇರು ನೋಡಿ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರೆ, ಶ್ರೀಕಂಠೇಶ್ವರನದ್ದು ಎಲ್ಲಕ್ಕಿಂತ ದೊಡ್ಡದು. ಜನ ಹಣ್ಣು ಜವನ ಎಸೆಯುತ್ತಾ ಕಳಶದ ಕಡೆ ನೋಡುತ್ತಿರುತ್ತಾರೆ. ನೀವು ಒಂದು ಸಲ ಗಾಲಿಯ ಕಡೆ ನೋಡಿ, ಇಡೀ ಪಾಠ ಅಲ್ಲೇ ನಡೆಯುತ್ತಿರುತ್ತದೆ. ಮೊದಲು ಹಗ್ಗ ಬಿಗಿಯುತ್ತದೆ. ನೂರಾರು ಜನ ಹಿಂದಕ್ಕೆ ವಾಲಿ ಎಳೆಯುತ್ತಿದ್ದಾರೆ, ತೇರು ಜಪ್ಪಯ್ಯ ಅಂದರೂ ಕದಲುತ್ತಿಲ್ಲ. ಬಲ ಇಲ್ಲ ಅಂತಲ್ಲ. ಜನ ಎಷ್ಟು ಎಳೆಯುತ್ತಾರೋ, ಗಾಲಿ ಮತ್ತು ಅಚ್ಚಿನ ಹತ್ತಿರದ ಹಿಡಿತ ಅಷ್ಟೇ ಹಿಂದಕ್ಕೆ ಹಿಡಿಯುತ್ತದೆ. ನಿಂತ ವಸ್ತುವಿನ ಘರ್ಷಣೆಯ ಚಾಳಿಯೇ ಇದು, ಕೇಳಿದಷ್ಟು ಕೊಡುತ್ತದೆ, ಒಂದು ಮಿತಿಯ ತನಕ. ಹತ್ತು ಜನ ಎಳೆದರೆ ಹತ್ತು ಜನರಷ್ಟು, ನೂರು ಜನ ಎಳೆದರೆ ನೂರು ಜನರಷ್ಟು. ಆಮೇಲೆ ಹಿಂದಿನಿಂದ ಗಾಲಿಗೆ ಮರದ ತೊಲೆ ಕೊಟ್ಟು ಮೀಟುತ್ತಾರೆ, ಎಲ್ಲರೂ ಒಂದೇ ಉಸಿರಿಗೆ ಕೂಗು ಹಾಕಿ ಜಗ್ಗುತ್ತಾರೆ, ಮಿತಿ ದಾಟುತ್ತದೆ, ಕಿರ್ರ್ ಅಂತ ಒಂದು ಸದ್ದು, ತೇರು ಅಲುಗಿತು. ಆ ಒಂದು ಕ್ಷಣ ಬಲ ಅಸಂತುಲಿತ.

ಅಲುಗಿದ ಮೇಲೆ ಇನ್ನೊಂದು ಗಮ್ಮತ್ತು. ಹೊರಡಿಸಲು ಬೇಕಾದಷ್ಟು ಬಲ ಓಡಿಸಲು ಬೇಡ. ಸರಿದಾಡುತ್ತಿರುವ ವಸ್ತುವಿನ ಘರ್ಷಣೆ ನಿಂತ ವಸ್ತುವಿನದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಜನ ಅಷ್ಟೇ ಜೋರಾಗಿ ಎಳೆಯುತ್ತಾ ಹೋದರೆ ವೇಗ ಏರುತ್ತಲೇ ಹೋಗಬೇಕು. ಹಾಗಾಗುವುದಿಲ್ಲ ಯಾಕೆ ಅಂದರೆ ಹಗ್ಗ ಹಿಡಿದವರು ಗೊತ್ತಿಲ್ಲದೆಯೇ ಕೈ ಸಡಿಲಿಸುತ್ತಾರೆ. ನಡಿಗೆಯ ವೇಗದಲ್ಲಿ ತೇರು ಸಾಗುತ್ತಿದೆ ಅಂದರೆ ಎಳೆತ, ತಡೆ ಎರಡೂ ಮತ್ತೆ ಸಮ. ಅಂದರೆ ತೇರು ಕದಲದೆ ನಿಂತಿದ್ದಾಗಲೂ ಒಟ್ಟು ಬಲ ಸೊನ್ನೆ, ಗಂಭೀರವಾಗಿ ಸಾಗುತ್ತಿರುವಾಗಲೂ ಸೊನ್ನೆ. ನಡುವೆ ಹೊರಟ ಆ ಗಳಿಗೆಯಲ್ಲಿ ಮಾತ್ರ ಅದು ಸೊನ್ನೆಯಲ್ಲ.

ನಿಲ್ಲಿಸುವುದು ಇನ್ನೂ ಕಷ್ಟ. ಹಗ್ಗ ಬಿಟ್ಟರೆ ತೇರು ತಕ್ಷಣ ನಿಲ್ಲುವುದಿಲ್ಲ. ಅದಕ್ಕೇ ಗಾಲಿಯ ಪಕ್ಕ ಮರದ ದಿಂಡು ಹಿಡಿದು ನಡೆಯುವವರು ಇರುತ್ತಾರೆ, ನನ್ನ ಕೇಳಿದರೆ ಇಡೀ ಜಾತ್ರೆಯಲ್ಲಿ ಅತ್ಯಂತ ಗಟ್ಟಿ ಗುಂಡಿಗೆಯವರು ಅವರೇ. ಸರಿಯಾದ ಹೊತ್ತಿಗೆ ದಿಂಡನ್ನು ಗಾಲಿಯ ಕೆಳಗೆ ಕೊಡಬೇಕು. ಎರಡೂ ಕಡೆ ಕೊಟ್ಟರೆ ನಿಲ್ಲುತ್ತದೆ, ಒಂದೇ ಕಡೆ ಕೊಟ್ಟರೆ ತೇರು ಆ ಕಡೆಗೆ ತಿರುಗುತ್ತದೆ. ತೇರಿನ ಬ್ರೇಕೂ ಅದೇ, ಸ್ಟೀರಿಂಗೂ ಅದೇ.

ಅಂಕಿ ಬೇಕು ಅನ್ನುವವರಿಗೆ ಒಂದು ಚಿಕ್ಕ ಲೆಕ್ಕ. ಒಂದು ತೇರು 50 ಟನ್ ಅಂತ ಸುಮ್ನೆ ಇಟ್ಟುಕೊಳ್ಳೋಣ, ಅಂದರೆ 50,000 ಕೆಜಿ. ತಡೆಯನ್ನೆಲ್ಲ ಕಳೆದು ಉಳಿದ ಬಲ 5,000 ನ್ಯೂಟನ್. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ, ಇಲ್ಲಿ 0.1. ಅಂದರೆ ಪ್ರತಿ ಸೆಕೆಂಡಿಗೆ ವೇಗ 0.1 ಮೀಟರ್‌ನಷ್ಟು ಏರುತ್ತದೆ. ಹತ್ತು ಸೆಕೆಂಡ್ ಆದಮೇಲೆ ಸೆಕೆಂಡಿಗೆ 1 ಮೀಟರ್, ನಿಧಾನ ನಡಿಗೆ. ಅದೇ 5,000 ನ್ಯೂಟನ್ ಉಳಿಕೆಯನ್ನು 1,000 ಕೆಜಿಯ ಕಾರಿಗೆ ಹತ್ತು ಸೆಕೆಂಡ್ ಕೊಡಿ: ಸೆಕೆಂಡಿಗೆ 50 ಮೀಟರ್, ಗಂಟೆಗೆ 180 ಕಿಲೋಮೀಟರ್! ಬಲ ಒಂದೇ, ಹೊರೆ ಬೇರೆ.

ಇಷ್ಟರಲ್ಲಿ ನೆಲಮಂಗಲದ ಟೋಲ್ ಬಂತು. ಡ್ರೈವರ್ ಬ್ರೇಕ್ ಹಾಕಿದರು, ನಿಂತಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸಿದರು, ಯಾರದೋ ಸ್ಟೀಲ್ ಡಬ್ಬಿ ಉರುಳಿಕೊಂಡು ಕಂಡಕ್ಟರ್ ಕಾಲಿನ ತನಕ ಹೋಯಿತು. ಬ್ರೇಕ್ ಹಿಡಿದದ್ದು ಬಸ್ಸನ್ನು, ಡಬ್ಬಿಯನ್ನಲ್ಲ. ಡಬ್ಬಿ ತನ್ನ ಹಳೇ ವೇಗದಲ್ಲೇ ಮುಂದುವರಿಯಿತು. ನಮ್ಮನ್ನು ಯಾರೋ ಮುಂದಕ್ಕೆ ತಳ್ಳಿದ ಹಾಗೆ ಅನ್ನಿಸುತ್ತದಲ್ಲ, ಯಾರೂ ತಳ್ಳಿರುವುದಿಲ್ಲ, ಕಾಲಿನ ಕೆಳಗಿನ ಬಸ್ಸು ನಿಧಾನ ಆಗಿರುತ್ತದೆ.

ಮುಂದೆ ಬಸ್ಸು ತಿರುವು ತೆಗೆದುಕೊಂಡಾಗ ಅವಳು ವಾಲಿ ನನ್ನ ಭುಜಕ್ಕೆ ಬಿದ್ದಳು. "ಈಗ ಸ್ಪೀಡ್ ಒಂದೇ ಇತ್ತಲ್ಲ, ಈಗಲೂ ಸೊನ್ನೆನಾ?" ಇಲ್ಲ. ಇಲ್ಲಿ ಪುಸ್ತಕದ ಕಟ್ಟುನಿಟ್ಟು ಕೆಲಸಕ್ಕೆ ಬರುತ್ತದೆ. ಪುಸ್ತಕದಲ್ಲಿ ಜವ ಬೇರೆ, ವೇಗ ಬೇರೆ. ಮುಳ್ಳು ತೋರಿಸುವುದು ಜವ. ವೇಗದಲ್ಲಿ ದಿಕ್ಕೂ ಸೇರಿದೆ. ಮುಳ್ಳು 30ರಲ್ಲೇ ಇದ್ದರೂ ದಿಕ್ಕು ಬದಲಾಯಿತು ಅಂದರೆ ವೇಗ ಬದಲಾಯಿತು, ವೇಗ ಬದಲಾಯಿತು ಅಂದರೆ ಎಲ್ಲೋ ಒಂದು ಅಸಂತುಲಿತ ಬಲ ಇದ್ದೇ ಇದೆ. ಇಲ್ಲಿ ಅದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ, ತಿರುವಿನ ಒಳಮಗ್ಗುಲಿಗೆ. ಚಾರ್ಮಾಡಿ ಘಾಟಿಯಲ್ಲಿ ಮಳೆ ಬಂದಾಗ ಡ್ರೈವರುಗಳು ಹುಷಾರಾಗುವುದು ಆ ಹಿಡಿತ ಕಡಿಮೆ ಆಗುತ್ತದೆ ಅಂತಲೇ. ಹಿಡಿತ ಸಾಲದೆ ಹೋದರೆ ಬಸ್ಸು ನ್ಯೂಟನ್ ಹೇಳಿದ ಹಾಗೆ ನೇರ ಹೋಗುತ್ತದೆ, ರಸ್ತೆ ಮಾತ್ರ ತಿರುಗುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡಬೇಕು, ನನ್ನನ್ನೇ ಕಾಲೇಜಿನ ತನಕ ಕಾಡಿದ್ದು. ಎತ್ತು ಗಾಡಿಯನ್ನು ಎಷ್ಟು ಎಳೆಯುತ್ತದೋ ಗಾಡಿಯೂ ಎತ್ತನ್ನು ಅಷ್ಟೇ ಹಿಂದಕ್ಕೆ ಎಳೆಯುತ್ತದೆ, ಇದು ಮೂರನೇ ನಿಯಮ. ಎರಡೂ ಸಮ ಆದಮೇಲೆ ಗಾಡಿ ಹೊರಡುವುದಾದರೂ ಹೇಗೆ? ತಪ್ಪು ಎಲ್ಲಿದೆ ಅಂದರೆ, ಆ ಎರಡು ಬಲ ಒಂದೇ ವಸ್ತುವಿನ ಮೇಲಿಲ್ಲ. ಒಂದು ಗಾಡಿಯ ಮೇಲೆ, ಇನ್ನೊಂದು ಎತ್ತಿನ ಮೇಲೆ. ನನ್ನ ಜೇಬಿನ ಜಮೆಯನ್ನೂ ನಿಮ್ಮ ಜೇಬಿನ ಖರ್ಚನ್ನೂ ಸೇರಿಸಿ ಸೊನ್ನೆ ಮಾಡಿದರೆ ಅದು ಯಾರ ಲೆಕ್ಕ? ಗಾಡಿಯೊಂದನ್ನೇ ನೋಡಿ: ಮುಂದಕ್ಕೆ ಎತ್ತಿನ ಎಳೆತ, ಹಿಂದಕ್ಕೆ ಗಾಲಿಯ ತಡೆ. ಎಳೆತ ಜಾಸ್ತಿ ಆದರೆ ಗಾಡಿ ಹೊರಟಿತು. ಇನ್ನು ಎತ್ತೊಂದನ್ನೇ ನೋಡಿ: ಗೊರಸು ನೆಲವನ್ನು ಹಿಂದಕ್ಕೆ ಒದ್ದಾಗ ನೆಲ ಎತ್ತನ್ನು ಮುಂದಕ್ಕೆ ನೂಕುತ್ತದೆ, ಗಾಡಿ ಹಿಂದಕ್ಕೆ ಎಳೆಯುತ್ತದೆ. ನೂಕು ಜಾಸ್ತಿ ಆದರೆ ಎತ್ತೂ ಹೊರಟಿತು. ಕೆಸರಿನಲ್ಲಿ ಎತ್ತು ಒದ್ದಾಡುವುದು ರಟ್ಟೆಯಲ್ಲಿ ಶಕ್ತಿ ಇಲ್ಲ ಅಂತಲ್ಲ, ಕಾಲಿನ ಕೆಳಗೆ ನೂಕುವ ನೆಲ ಇಲ್ಲ ಅಂತ. ಹಗ್ಗಜಗ್ಗಾಟದಲ್ಲೂ ಗೆಲ್ಲುವುದು ಬಹಳ ಸಲ ಪಾದದಿಂದಲೇ. ಸುಮ್ನೆ ಒಂದು ಸಲ ಒಂದು ತಂಡವನ್ನು ನುಣುಪು ಗ್ರಾನೈಟ್ ಮೇಲೆ ಸಾಕ್ಸ್ ಹಾಕಿ ನಿಲ್ಲಿಸಿ ನೋಡಿ.

ದಾಬಸ್‌ಪೇಟೆಯ ಕಡೆಯಿಂದ ಮೋಡ ಬಂದಿತ್ತು, ಹನಿ ಶುರುವಾಯಿತು. ಕಿಟಕಿ ಎಳೆದುಕೊಂಡಳು. ಮಳೆ ಹನಿ ಎರಡು ಕಿಲೋಮೀಟರ್ ಮೇಲಿಂದ ಬೀಳುತ್ತದೆ ಅಂದುಕೊಳ್ಳಿ. ಗಾಳಿಯೇ ಇಲ್ಲದಿದ್ದರೆ ಅದು ನೆಲಕ್ಕೆ ಬರುವಾಗ ವೇಗ ಸೆಕೆಂಡಿಗೆ 200 ಮೀಟರ್, ಗಂಟೆಗೆ 720 ಕಿಲೋಮೀಟರ್. ಕೊಡೆ ಅಲ್ಲ, ಹೆಂಚೂ ಉಳಿಯುವುದಿಲ್ಲ. ನಿಜದಲ್ಲಿ 2 ಮಿಲಿಮೀಟರ್ ಹನಿ ಬರುವುದು ಸೆಕೆಂಡಿಗೆ ಸುಮಾರು ಆರೂವರೆ ಮೀಟರ್‌ನಲ್ಲಿ, ಸೈಕಲ್ ಜೋರಾಗಿ ಹೊಡೆದ ಹಾಗೆ. ಬೀಳಲು ಶುರು ಮಾಡಿದಾಗ ತೂಕ ಮಾತ್ರ ಇದೆ, ಬಲ ಅಸಂತುಲಿತ, ವೇಗ ಏರುತ್ತದೆ. ಏರಿದ ಹಾಗೆ ಗಾಳಿಯ ತಡೆಯೂ ಬೆಳೆಯುತ್ತದೆ. ಒಂದು ಹಂತದಲ್ಲಿ ತಡೆ ತೂಕಕ್ಕೆ ಸಮ. ಅಲ್ಲಿಂದ ಮುಂದೆ ಹನಿ ಬೀಳುತ್ತಲೇ ಇರುತ್ತದೆ, ವೇಗ ಮಾತ್ರ ಏರುವುದಿಲ್ಲ. ಜೋಗದ ರಾಜನೂ ಹೀಗೇ. 253 ಮೀಟರ್ ಎತ್ತರ, ಗಾಳಿ ಇಲ್ಲದಿದ್ದರೆ ನೀರು ಕೆಳಗೆ ಬಡಿಯುವ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್ ಆಗುತ್ತಿತ್ತು. (ಮೀಟರಿನ ಅಂಕಿಯೂ ಗಂಟೆಯ ಅಂಕಿಯೂ ಒಂದೇ ಬಂದದ್ದು ಬರೀ ಕಾಕತಾಳೀಯ, ಅದರಲ್ಲಿ ಏನೂ ಹುಡುಕಬೇಡಿ.) ಆದರೆ ನೀರು ದಾರಿಯಲ್ಲೇ ಒಡೆದು ಹನಿಯಾಗಿ, ಹನಿ ತುಂತುರಾಗಿ, ಗಾಳಿಯ ಜೊತೆ ರಾಜಿ ಮಾಡಿಕೊಳ್ಳುತ್ತದೆ. ಬೇಸಿಗೆಯ ಸಣ್ಣ ಧಾರೆಯಲ್ಲಿ ನೋಡಿ, ನೀರು ಬೀಳುತ್ತಿದೆಯೋ ತೇಲುತ್ತಿದೆಯೋ ಗೊತ್ತಾಗುವುದಿಲ್ಲ.

ಪೀಣ್ಯ ಬಂದಾಗ ನನಗೆ ಒಳ್ಳೆ ಉದಾಹರಣೆ ತಾನಾಗಿ ಸಿಕ್ಕಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಇಳಿಯುವುದನ್ನು ಇಸ್ರೊದವರು ನೋಡುತ್ತಾ ಕೂತಿದ್ದದ್ದು ಇದೇ ಪೀಣ್ಯದ ಕೇಂದ್ರದಲ್ಲಿ. ಅವತ್ತು ಟಿವಿ ಮುಂದೆ ನಾವೆಲ್ಲ ವೇಗದ ಅಂಕಿ ಇಳಿಯುವುದನ್ನು ನೋಡಿ ಉಸಿರು ಹಿಡಿದಿದ್ದೆವು. ಇಳಿಯಲು ಶುರು ಮಾಡಿದಾಗ ವೇಗ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ. ಅಲ್ಲಿ ಗಾಳಿ ಇಲ್ಲ, ಪ್ಯಾರಾಶೂಟ್ ಬಿಚ್ಚಿದರೆ ಬಟ್ಟೆ ಒಣಗಿಸಿದ ಹಾಗೆ. ವೇಗ ಇಳಿಸಬೇಕಾದರೆ ಹೋಗುತ್ತಿರುವ ದಿಕ್ಕಿಗೆ ಎದುರಾಗಿ ಇಂಜಿನ್ ಉರಿಸಬೇಕು, ಅಂದರೆ ಬೇಕೆಂದೇ ಬಲವನ್ನು ಅಸಂತುಲಿತ ಮಾಡಬೇಕು. ಆಮೇಲೆ 150 ಮೀಟರ್ ಎತ್ತರದಲ್ಲಿ ವಿಕ್ರಮ್ ಸ್ವಲ್ಪ ಹೊತ್ತು ತೂಗಿಕೊಂಡು ನಿಂತು ಕೆಳಗಿನ ಜಾಗ ನೋಡಿಕೊಂಡಿತು. ಆಗ ಇಂಜಿನ್ನಿನ ನೂಕು ಮತ್ತು ಚಂದ್ರನ ಸೆಳೆತ ಎರಡೂ ಸಮ.

ಇಲ್ಲಿ ಎರಡು ಸೂಕ್ಷ್ಮ ಇದೆ. ಉರಿಸಿದಷ್ಟೂ ಇಂಧನ ಖಾಲಿ, ನೌಕೆ ಹಗುರ. ತೂಕ ಕಡಿಮೆ ಆಗುತ್ತಿರುವಾಗ ನೂಕು ಮೊದಲಿನಷ್ಟೇ ಇದ್ದರೆ ನೌಕೆ ಮೇಲಕ್ಕೇ ಹೊರಡುತ್ತದೆ. ಹಾಗಾಗಿ ಸುಮ್ಮನೆ ಒಂದು ಕಡೆ ನಿಲ್ಲಬೇಕಾದರೂ ಇಂಜಿನ್ನನ್ನು ಇಷ್ಟಿಷ್ಟೇ ತಗ್ಗಿಸುತ್ತಲೇ ಇರಬೇಕು. ಎರಡನೆಯದು ನನಗೆ ಇನ್ನೂ ಇಷ್ಟ. ಒಂದೇ ಕಡೆ ತೂಗಿ ನಿಲ್ಲಲು ಎಷ್ಟು ನೂಕು ಬೇಕೋ, ಸೆಕೆಂಡಿಗೆ ಒಂದು ಮೀಟರಿನಂತೆ ಸಮನಾಗಿ ಇಳಿಯಲೂ ಅಷ್ಟೇ ನೂಕು ಬೇಕು. ಇಳಿಯಬೇಕು ಅಂತ ನೂಕನ್ನು ಕಡಿಮೆ ಮಾಡಿ ಹಾಗೇ ಬಿಟ್ಟರೆ ವೇಗ ಬೆಳೆಯುತ್ತಾ ಹೋಗಿ ಧಡ್ ಅನ್ನುತ್ತದೆ. ಸ್ವಲ್ಪ ಕಡಿಮೆ ಮಾಡಿ, ಇಳಿಯಲು ಶುರುವಾದ ತಕ್ಷಣ ಮತ್ತೆ ಸಮಕ್ಕೆ ತರಬೇಕು. ನಮ್ಮ ಅಪಾರ್ಟ್‌ಮೆಂಟ್ ಲಿಫ್ಟೂ ಇದನ್ನೇ ಮಾಡುವುದು. ನಂಬಿಕೆ ಇಲ್ಲದಿದ್ದರೆ ತೂಕದ ಮಷೀನ್ ಲಿಫ್ಟಿನಲ್ಲಿ ಇಟ್ಟು ಹತ್ತಿ. ಮೇಲಕ್ಕೆ ಹೊರಟಾಗ ಅಂಕಿ ಏರುತ್ತದೆ, ನಿಲ್ಲುವಾಗ ಇಳಿಯುತ್ತದೆ. ನಡುವೆ ಸಮನಾಗಿ ಹೋಗುವಾಗ ನಿಮ್ಮ ಮಾಮೂಲಿ ತೂಕ, ಮನೆಯಲ್ಲಿ ತೋರಿಸಿದಷ್ಟೇ. ವಿಕ್ರಮ್ ಆಮೇಲೆ ಸೆಪ್ಟೆಂಬರ್ 3ರಂದು ಮತ್ತೆ ಇಂಜಿನ್ ಉರಿಸಿ ಸುಮಾರು 40 ಸೆಂಟಿಮೀಟರ್ ಮೇಲೆದ್ದು ಪಕ್ಕದಲ್ಲೇ ಕೂತಿತು. ಚಂದ್ರನ ಮೇಲೆ ಒಂದು ಕುಪ್ಪಳ.

ಮೆಜೆಸ್ಟಿಕ್‌ನಲ್ಲಿ ಇಳಿದು ಆಟೊಗೆ ಕಾಯುತ್ತಿದ್ದೆವು. ಇಷ್ಟೆಲ್ಲ ಹೇಳಿದ್ದು ತಲೆಗೆ ಹೋಗಿದೆಯೋ ನೋಡೋಣ ಅಂತ ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಮೇಲಕ್ಕೆ ಚಿಮ್ಮಿದೆ. "ಪೂರ್ತಿ ಮೇಲೆ ಹೋದಾಗ ಒಂದು ಕ್ಷಣ ಅದರ ವೇಗ ಸೊನ್ನೆ. ಆ ಕ್ಷಣ ಬಲ ಸಂತುಲಿತಾನಾ, ಅಸಂತುಲಿತಾನಾ?"

ನಾಣ್ಯ ಕಿತ್ತುಕೊಂಡು ತಾನೇ ಎರಡು ಸಲ ಚಿಮ್ಮಿದಳು. ಮೂರನೇ ಸಲ ಕೈ ತಪ್ಪಿ ಚರಂಡಿಯ ಕಲ್ಲಿನ ಹತ್ತಿರ ಬಿತ್ತು. ಬಗ್ಗಿ ಎತ್ತಿಕೊಂಡು ಪ್ಯಾಂಟಿಗೆ ಒರೆಸುತ್ತಾ ಅಂದಳು:

"ಅಸಂತುಲಿತ. ಇಲ್ಲಾಂದ್ರೆ ಅದು ಮೇಲೇ ನಿಂತುಬಿಡ್ತಿತ್ತು ಮಾಮ."